ಹದಿನಾಲ್ಕು ಪುಸ್ತಕ, ಹದಿನಾಲ್ಕು ಚೀಟಿ

ಜನವರಿಯ ಒಂದು ಭಾನುವಾರ, ಬೆಳಗ್ಗೆ ಹತ್ತು ಗಂಟೆ. ದಾವಣಗೆರೆಯ ಒಂದು ಸಣ್ಣ ವಾಚನಾಲಯದ ಉದ್ದನೆ ಮೇಜಿನ ಮೇಲೆ ಹದಿನಾಲ್ಕು ಪುಸ್ತಕ ಸಾಲಾಗಿ ಕೂತಿದ್ದವು. ಎಲ್ಲದರ ಹಿಂಬದಿಗೂ ಹಳೇ ಪೇಪರ್ ಸುತ್ತಿ ಬೆನ್ನುಡಿ ಮುಚ್ಚಿತ್ತು. ಹೋದ ಸಲ ಹಾಗೆ ಮಾಡಿರಲಿಲ್ಲ. ಬರೆದ ಚೀಟಿಗಳಲ್ಲಿ ಅರ್ಧಕ್ಕರ್ಧ ಬೆನ್ನುಡಿಯ ನಕಲೇ ಆಗಿ ಹೋದವು. ಬೆನ್ನುಡಿ ಬರೆಯುವುದು ಪುಸ್ತಕ ಮಾರಾಟವಾಗಲಿ ಎಂದು. ಚೀಟಿ ಬರೆಯುವುದು ರ‍್ಯಾಕಿನ ಮುಂದೆ ನಿಂತವರಿಗೆ ಇದು ತಮ್ಮ ಪುಸ್ತಕ ಹೌದೋ ಅಲ್ಲವೋ ತಿಳಿಯಲಿ ಎಂದು.

ನಮ್ಮ ಓದುಗರ ಗುಂಪಿನ ಕೆಲಸ ಇಷ್ಟೇ. ಪುಸ್ತಕ ಓದಿ ಮುಗಿಸಿದವರು ಮುಂದಿನ ಓದುಗರಿಗಾಗಿ ಒಂದು ಚೀಟಿ ಬರೆದು ಅದರೊಳಗೆ ಇಡಬೇಕು. ಐದು ಇಂಚು ಉದ್ದ, ಮೂರು ಇಂಚು ಅಗಲದ ದಪ್ಪ ಕಾರ್ಡು. ಒತ್ತಕ್ಷರಕ್ಕೆ ಜಾಗ ಬಿಟ್ಟು ಬರೆದರೆ ಒಂದು ಬದಿಗೆ ಎಂಟು ಗೆರೆ ಹಿಡಿಯುತ್ತದೆ, ಹೆಚ್ಚೆಂದರೆ 60 ಪದ. ಬಾಲ್ ಪೆನ್ನಿನಲ್ಲೇ ಬರೆಯಬೇಕು. ಜೆಲ್ ಪೆನ್ನಿನ ಶಾಯಿ ಮಳೆಗಾಲದ ತಂಪಿಗೆ ಎದುರಿನ ಪುಟಕ್ಕೆ ಹತ್ತುತ್ತದೆ. ಪಿನ್ ಹೊಡೆಯುವಂತಿಲ್ಲ, ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ಸೆಲ್ಲೋಟೇಪಂತೂ ಬೇಡವೇ ಬೇಡ. ನಾಲ್ಕೈದು ವರ್ಷದಲ್ಲಿ ಟೇಪು ಉದುರಿ ಅಂಟಿನ ಹಳದಿ ಕಲೆ ಮಾತ್ರ ಉಳಿಯುತ್ತದೆ. ಕೊನೆಯ ರಟ್ಟಿನ ಒಳಗೆ ಕಾಗದದ ಜೇಬು ಅಂಟಿಸಿ ಚೀಟಿಯನ್ನು ಅದರಲ್ಲಿ ಸುಮ್ಮನೆ ಇಡುವುದೇ ಒಳ್ಳೆಯದು.

ಮೊದಲ ಎರಡು ಗೆರೆ ಮುದ್ರಣ ವಿವರಕ್ಕೆ ಮೀಸಲು. ಶೀರ್ಷಿಕೆ ಪುಟದ ಬೆನ್ನಿಗೆ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಎಷ್ಟನೇ ಮುದ್ರಣ, ಯಾವ ವರ್ಷ, ಎಷ್ಟು ಪುಟ, ಪುಸ್ತಕದ ಅಳತೆ 1/8 ಡೆಮಿಯೋ ಕ್ರೌನೋ, 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದವೋ ಅಂತ. ಬಹಳ ಮಂದಿ ಅದನ್ನು ದಾಟಿಕೊಂಡು ಸೀದಾ ಮುನ್ನುಡಿಗೆ ಹೋಗುತ್ತಾರೆ. ಆ ಪುಟ ಎಷ್ಟು ಮುಖ್ಯ ಎಂಬುದು ಅವತ್ತು ಮೇಜಿನ ಮೇಲಿದ್ದ ಎರಡು ಪುಸ್ತಕಗಳಿಂದಲೇ ಗೊತ್ತಾಯಿತು.

ಒಂದು, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಜ್ಞಾನದ ಪುಸ್ತಕ. ಎಷ್ಟು ಕೈ ಬದಲಾಗಿತ್ತೆಂದರೆ ಶೀರ್ಷಿಕೆ ಪುಟವೇ ಹರಿದು ಹೋಗಿ ವರ್ಷ ಸಿಗಲಿಲ್ಲ. ಹೀಗಾದಾಗ ಕರ್ನಾಟಕದ ಜಿಲ್ಲೆಗಳ ಪಟ್ಟಿ ತೆಗೆದು ಎಣಿಸಬೇಕು. 27 ಎಂದಿದ್ದರೆ ದಾವಣಗೆರೆ ಹೊಸ ಜಿಲ್ಲೆಯಾದ 1997ರ ನಂತರದ್ದು, 2007ಕ್ಕಿಂತ ಹಿಂದಿನದು. 30 ಎಂದಿದ್ದರೆ ವಿಜಯನಗರ ಸೇರುವ ಮುಂಚಿನದು, ಅಂದರೆ 2021ರ ಒಳಗಿನದು. ಈ ಪುಸ್ತಕ 30 ಎಂದಿತು. ಚೀಟಿಯಲ್ಲಿ ಮೊದಲ ಮಾತೇ ಅದು: "ವ್ಯಾಕರಣ, ಗಣಿತದ ಭಾಗ ಈಗಲೂ ನಡೆಯುತ್ತದೆ. ಜಿಲ್ಲೆ, ಹುದ್ದೆ, ಯೋಜನೆಗಳ ಪುಟ ಓದಬೇಡಿ, ಹಳೆಯದಾಗಿವೆ."

ಎರಡನೆಯದು ಅಡಿಕೆ ಬೇಸಾಯದ ಪುಸ್ತಕ. ಚನ್ನಗಿರಿ ಕಡೆಯ ತೋಟದವರು ಕೇಳಿ ಕೇಳಿ ಒಯ್ಯುವಂಥದ್ದು. ಅದರ ಕೀಟನಾಶಕಗಳ ಪಟ್ಟಿಯಲ್ಲಿ ಎಂಡೋಸಲ್ಫಾನ್ ಇತ್ತು. 2011ರಲ್ಲಿ ನಿಷೇಧವಾದ ವಿಷ ಅದು. ಮುದ್ರಣದ ವರ್ಷ ಬರೆಯದೆ "ರೈತರಿಗೆ ಉಪಯುಕ್ತ ಕೈಪಿಡಿ" ಎಂದಷ್ಟೇ ಗೀಚಿ ಬಿಟ್ಟರೆ ಆ ಚೀಟಿಯಿಂದ ಹಾನಿಯೇ ಹೆಚ್ಚು.

ಹಾಗಂತ ಆ ಪುಸ್ತಕ ಎಸೆಯುವಂಥದ್ದಲ್ಲ. ಕೃಷಿ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ನೋಡಲು ಒಂದೇ ಒಂದು ಪುಟ ಸಾಕು: ಕೊಳೆ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣದ ಪುಟ. ಶೇಕಡಾ ಒಂದರ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್ ಎಂದು ಎಲ್ಲರೂ ಬರೆಯುತ್ತಾರೆ. ಎರಡನ್ನೂ ತಲಾ 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತ ಕಲಕಬೇಕು. ಸುಣ್ಣವನ್ನು ತುತ್ತಕ್ಕೆ ಹೊಯ್ದರೆ ಕಣ ದಪ್ಪಗಾಗಿ ತಳಕ್ಕಿಳಿಯುತ್ತದೆ, ಕಾಯಿಗೆ ಅಂಟುವುದಿಲ್ಲ. ಕಬ್ಬಿಣದ ಪಾತ್ರೆ ಕೂಡದು. ಕೊನೆಗೆ ಉಜ್ಜಿ ಹೊಳಪು ಮಾಡಿದ ಚಾಕು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಇಷ್ಟನ್ನೂ ಹೇಳುವ ಪುಸ್ತಕ ತೋಟದಲ್ಲಿ ನಿಂತವರು ಬರೆದದ್ದು. ಇದು ಚಾಕುವಿನವರೆಗೂ ಹೇಳಿತ್ತು. ಹಾಗಾಗಿ ಚೀಟಿ ಹೀಗಾಯಿತು: "ರೋಗ, ದ್ರಾವಣ, ಬಸಿಗಾಲುವೆಯ ಅಧ್ಯಾಯ ಕಣ್ಣು ಮುಚ್ಚಿ ನಂಬಬಹುದು. ಕೀಟನಾಶಕದ ಪಟ್ಟಿ ನಂಬಬೇಡಿ, ಕೃಷಿ ಇಲಾಖೆಯಲ್ಲಿ ಕೇಳಿ."

ಅಡುಗೆ ಪುಸ್ತಕದ್ದೂ ಇದೇ ದಾರಿ. ಒಂದಾದರೂ ಅಡುಗೆ ಮಾಡದೆ ಚೀಟಿ ಬರೆಯುವಂತಿಲ್ಲ ಎಂಬ ಕಟ್ಟು ಇದೆ. ಗುಂಪಿನಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಗೃಹಿಣಿ ಹಿಂದಿನ ದಿನವೇ ಆ ಪುಸ್ತಕ ನೋಡಿ ದೋಸೆ ಹಿಟ್ಟು ರುಬ್ಬಿದ್ದರು. "ಎಂಟು ತಾಸು ಬಿಡ್ರಿ ಅಂತ ಬರದಾರ. ಈ ಚಳಿಗೆ ಎಂಟು ತಾಸಿಗೆ ಎಲ್ಲಿ ಉಬ್ಬತೈತಿ? ಹನ್ನೆರಡಾತು" ಅಂದರು. ಬೇಸಿಗೆಯಲ್ಲಿ ಆರೇಳು ತಾಸಿಗೇ ಹುಳಿ ಏರುವ ಊರಿದು. ಕಾಲ ಹೇಳದೆ ತಾಸು ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಇನ್ನೊಂದು ಕೊರತೆ ಅಳತೆಯದು. ಪುಸ್ತಕದ ತುಂಬ "ಲೋಟ" ಎಂದಿದೆ, ಎಷ್ಟರ ಲೋಟ ಎಂದು ಎಲ್ಲೂ ಇಲ್ಲ. ಅಕ್ಕ ಎರಡು ಲೋಟದಲ್ಲಿ ಮಾಡಿ ನೋಡಿ 200 ಮಿ.ಲೀ. ಹಿಡಿದರೆ ನೀರು, ಹಿಟ್ಟು ಸರಿ ಹೊಂದುತ್ತದೆ ಎಂದು ಚೀಟಿಗೆ ಹಾಕಿದರು. ಆ ಒಂದು ಸಂಖ್ಯೆಯಿಂದ ಇಡೀ ಪುಸ್ತಕ ಬಳಕೆಗೆ ಬಂತು.

ನಿಘಂಟಿಗೆ ಪರೀಕ್ಷೆಯೇ ಬೇರೆ. ಅದನ್ನು ಮೊದಲಿಂದ ಕೊನೆಯವರೆಗೆ ಓದುವವರು ಯಾರು? ಸುತ್ತಮುತ್ತ ದಿನಾ ಆಡುವ ಐದು ಪದ ಹಿಡಿದು ಹುಡುಕಬೇಕು. ಕೂರಿಗೆ, ಎಡೆಕುಂಟೆ, ಅಕ್ಕಡಿ, ಮಂಡಕ್ಕಿ, ಕಪಲೆ. ಕಿಟೆಲ್ ಅವರ 1894ರ ನಿಘಂಟು, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳದ್ದು ಬೇರೆಯೇ ಮಟ್ಟ. ಮೇಜಿನ ಮೇಲಿದ್ದದ್ದು ವಿದ್ಯಾರ್ಥಿಗಳ ಒಂದು ಸಂಪುಟದ್ದು. ಐದರಲ್ಲಿ ಮೂರು ಸಿಕ್ಕವು. ಮಂಡಕ್ಕಿ ಇಲ್ಲವೆಂದೇ ಒಬ್ಬರು ಬರೆದಿದ್ದರು, ಆಮೇಲೆ ನೋಡಿದರೆ ಇದೆ. ಈ ನಿಘಂಟಿನಲ್ಲಿ ಅನುಸ್ವಾರದ ಪದಗಳನ್ನು ಆಯಾ ಅಕ್ಷರದ ಶುರುವಿಗೇ ಸೇರಿಸಿದ್ದಾರೆ; ಹುಡುಕಿದವರು ಣಕಾರದ ಜಾಗದಲ್ಲಿ ನೋಡಿದ್ದರು. ಚೀಟಿಯ ಅರ್ಧ ಜಾಗ ಅದಕ್ಕೇ ಕೊಟ್ಟೆವು. ನಿಘಂಟಿನ ಗುಣಗಾನಕ್ಕಿಂತ ಅದನ್ನು ಹುಡುಕುವ ಕ್ರಮ ಹೇಳುವುದು ಹೆಚ್ಚು ಉಪಕಾರ.

ಅವತ್ತು ಹೆಚ್ಚು ಹೊತ್ತು ಹಿಡಿದದ್ದು 'ಎಪಿಗ್ರಾಫಿಯಾ ಕರ್ನಾಟಿಕಾ'ದ 11ನೇ ಸಂಪುಟ. ಬಿ.ಎಲ್. ರೈಸ್ ಸಂಪಾದಿಸಿದ, ಆಗಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳ ಸಂಪುಟ. ನೋಡಿದರೆ ಭಯ ಹುಟ್ಟಿಸುವ ಗಾತ್ರ, ಆದರೆ ಊರಿನ ದೇವಸ್ಥಾನದ ಕಲ್ಲಿನ ಮೇಲೆ ಏನಿದೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಹತ್ತಿರದ ಪುಸ್ತಕ ಇಲ್ಲ. ತೊಡಕು ಒಂದೇ, ಹಳೆಯ ತಾಲ್ಲೂಕು ಲೆಕ್ಕ. ಹರಿಹರೇಶ್ವರ ಗುಡಿ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅದರ ಶಾಸನವನ್ನು "ಹರಿಹರ" ಎಂದು ಹುಡುಕಿದರೆ ಸಿಗದು, ದಾವಣಗೆರೆ ತಾಲ್ಲೂಕಿನ ಕೆಳಗಿದೆ. ಚನ್ನಗಿರಿ, ಹೊನ್ನಾಳಿ ಇದರಲ್ಲಿ ಇಲ್ಲವೇ ಇಲ್ಲ, ಅವು ಆಗ ಶಿವಮೊಗ್ಗಕ್ಕೆ ಸೇರಿದ್ದರಿಂದ 7ನೇ ಸಂಪುಟದಲ್ಲಿವೆ. ಇಂದಿನ ದಾವಣಗೆರೆ ಜಿಲ್ಲೆಯವರಿಗೆ ಒಂದು ಸಂಪುಟ ಸಾಲದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ಮಾತ್ರ ಇದರಲ್ಲೇ ಇದೆ. ಒಂದೇ ಶಾಸನ ಮೂರು ಕಡೆ ಬರುತ್ತದೆ, ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ತಾಲ್ಲೂಕಿನ ಸಂಕೇತಾಕ್ಷರ ಮತ್ತು ಶಾಸನದ ಸಂಖ್ಯೆ ಬರೆದಿಟ್ಟುಕೊಂಡರೆ ಮೂರೂ ಸಿಗುತ್ತವೆ. ಪುಟ ಸಂಖ್ಯೆ ನಂಬಿ ಹೋದರೆ ದಾರಿ ತಪ್ಪುತ್ತದೆ. ಇದಿಷ್ಟೂ 60 ಪದಕ್ಕೆ ಇಳಿಯಲು ನಾಲ್ಕು ಕಾರ್ಡು ಹಾಳಾದವು.

'ದುರ್ಗಾಸ್ತಮಾನ'ದ ಚೀಟಿಗಂತೂ ಮೂವರು ಮುಂದೆ ಬಂದರು. ತ.ರಾ.ಸು. ಅವರ ಈ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಎಲ್ಲರ ಚೀಟಿಯಲ್ಲೂ ಇತ್ತು. ಪ್ರಶಸ್ತಿ ಬರೆದರೆ ಒಂದು ಗೆರೆ ಹೋಗುತ್ತದೆ, ಓದುಗರಿಗೆ ಹೊಸದೇನೂ ಸಿಗುವುದಿಲ್ಲ. 1779ರಲ್ಲಿ ಚಿತ್ರದುರ್ಗ ಹೈದರನಿಗೆ ಬಿತ್ತು ಎಂಬುದನ್ನು ಮುಚ್ಚಿಡಬೇಕೇ ಎಂಬ ಚರ್ಚೆಯೂ ನಡೆಯಿತು. ಹೆಸರಲ್ಲೇ ಅಸ್ತಮಾನ ಇದೆ. ಇಲ್ಲಿ ಏನಾಯಿತು ಎನ್ನುವುದಕ್ಕಿಂತ ಹೇಗಾಯಿತು ಎನ್ನುವುದೇ ಓದು. ಬೇರೆ ಕಾದಂಬರಿಗಳಿಗೆ ಮೊದಲ ಕಾಲು ಭಾಗ ದಾಟಿದ ಕತೆಯನ್ನು ಚೀಟಿಯಲ್ಲಿ ಹೇಳಕೂಡದು ಎಂಬ ನಿಯಮ, ಇದಕ್ಕೆ ಅದು ಬೇಕಾಗಲಿಲ್ಲ. ಕೊನೆಗೆ ಉಳಿದ ಚೀಟಿ: "ಏಳು ಸುತ್ತಿನ ಕೋಟೆಯ ನಕ್ಷೆ, ನಾಯಕರ ವಂಶದ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಓದಿ. ಹೆಸರುಗಳು ಗೋಜಲಾಗುವುದಿಲ್ಲ. ಮದಕರಿಗಿಂತ ಹಿಂದಿನ ಕಾಲ ಬೇಕಿದ್ದರೆ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಇದೇ ಕ್ರಮದಲ್ಲಿ ತೆಗೆದುಕೊಳ್ಳಿ." ಈ ಕ್ರಮ ಗೊತ್ತಿಲ್ಲದೆ 'ತಿರುಗುಬಾಣ' ಮೊದಲು ಒಯ್ದು ತಲೆಬುಡ ತಿಳಿಯದೆ ಹಿಂದಿರುಗಿಸಿದವರು ಬಹಳ.

ಬೆಳಗೆರೆ ಕೃಷ್ಣಶಾಸ್ತ್ರಿಗಳ 'ಯೇಗ್ದಾಗೆಲ್ಲಾ ಐತೆ'ಗೆ ಬರೆದದ್ದು ಬರೀ ಮೂರು ಗೆರೆ. ಮುಕುಂದೂರು ಸ್ವಾಮಿಗಳ ಮಾತು ಆಡಿದ ಹಾಗೇ ಅಚ್ಚಾಗಿದೆ, ಕಣ್ಣಲ್ಲಿ ಓದಿದರೆ ತೊಡರುತ್ತದೆ, ಬಾಯಿಬಿಟ್ಟು ಓದಿ. ಇನ್ನೇನು ಸೇರಿಸಿದರೂ ಭಾರ. ಎರಡು ಕವನ ಸಂಕಲನಗಳಿಗೆ ವಿಮರ್ಶೆ ಬೇಡ, ಯಾವ ಪುಟದಿಂದ ಶುರು ಮಾಡಬೇಕು ಎಂಬುದಷ್ಟೇ ಸಾಕು ಎಂದೆವು. ಸಂಕಲನದ ಮೊದಲ ಪದ್ಯವೇ ಒಳ್ಳೆಯ ಬಾಗಿಲು ಆಗಿರುವುದು ಅಪರೂಪ. ಮಕ್ಕಳ ಕತೆ ಪುಸ್ತಕವನ್ನು ಏಳು ವರ್ಷದ ಹುಡುಗಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆವು. ಆರು ಕಡೆ ನಿಂತಳು, ಅದರಲ್ಲಿ ನಾಲ್ಕು ಕಡೆ ಪದ ಕಷ್ಟದ್ದಲ್ಲ. ಗೆರೆಯ ಕೊನೆಗೆ ಪದವನ್ನು ಎರಡು ತುಂಡು ಮಾಡಿದ್ದರು.

ಯಾವ ಚೀಟಿಯಲ್ಲೂ ಬರಬಾರದ ಮಾತುಗಳ ಪಟ್ಟಿ ಗೋಡೆಗೆ ಅಂಟಿಸಿದೆ: ಓದಿಸಿಕೊಂಡು ಹೋಗುತ್ತದೆ, ಸರಳ ಸುಂದರ ಭಾಷೆ, ಸಂಗ್ರಹಯೋಗ್ಯ, ಎಲ್ಲರೂ ಓದಲೇಬೇಕಾದ ಕೃತಿ. ಇವು ಸುಳ್ಳು ಮಾತುಗಳೇನಲ್ಲ, ಆದರೆ ಅಡಿಕೆ ಪುಸ್ತಕದ ಚೀಟಿಯನ್ನೂ ಕವನ ಸಂಕಲನದ ಚೀಟಿಯನ್ನೂ ಅದಲು ಬದಲು ಇಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎಂದು. ಅದನ್ನೂ ಪಟ್ಟಿಯ ಕೆಳಗೆ ಬರೆದಿದ್ದೇವೆ.

ಊಟದ ಹೊತ್ತಿಗೆ ಹದಿಮೂರು ಚೀಟಿ ಆಗಿದ್ದವು. ಉಳಿದದ್ದು ಒಂದು ಕಾದಂಬರಿ. ಕಾಲೇಜಿನ ಹುಡುಗಿ ಬರೆದ ಚೀಟಿ ಕಟುವಾಗಿತ್ತು: ನಡುವೆ ಕತೆ ಹಾರಿದೆ, ತಂಗಿಯ ಪಾತ್ರ ಏನಾಯಿತು ಎಂದೇ ಹೇಳಿಲ್ಲ, ಬರೆದವರಿಗೇ ಮರೆತಂತಿದೆ. ಗುಂಪಿನಲ್ಲಿದ್ದ ಮೇಷ್ಟ್ರು ಅದನ್ನು ಓದಿ ಪುಸ್ತಕ ಇಸಿದುಕೊಂಡರು, ಕತೆ ನೋಡಲಿಲ್ಲ, ಪುಟದ ಕೆಳಗಿನ ಸಂಖ್ಯೆ ಮಾತ್ರ ನೋಡುತ್ತ ಹೋದರು. "ನೋಡವ್ವ ಇಲ್ಲಿ, 160 ಆದ ಮ್ಯಾಲೆ 177 ಐತಿ."

ಹದಿನಾರು ಪುಟ ಮಾಯ. ಡೆಮಿ ಅಳತೆಯ ಪುಸ್ತಕದಲ್ಲಿ ಒಂದು ಫಾರಂ ಎಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಿಸಿದ 16 ಪುಟ. ಹತ್ತನೆಯ ಫಾರಂ 160ಕ್ಕೆ ಮುಗಿಯುತ್ತದೆ. ಹನ್ನೊಂದನೆಯದನ್ನು ಬೈಂಡಿಂಗಿನಲ್ಲಿ ಜೋಡಿಸುವಾಗ ಎತ್ತಿಕೊಳ್ಳದೆ ಬಿಟ್ಟಿದ್ದಾರೆ. ಕೆಲವೊಮ್ಮೆ ಒಂದೇ ಫಾರಂ ಎರಡು ಸಲ ಬಂದಿರುತ್ತದೆ, ಕೆಲವೊಮ್ಮೆ ತಲೆಕೆಳಗಾಗಿರುತ್ತದೆ. ಹೊಸ ಪುಸ್ತಕ ಕೊಂಡ ದಿನವೇ 16, 32, 48 ಎಂದು ಹದಿನಾರರ ಮಗ್ಗಿ ಹಿಡಿದು ಪುಟ ತಿರುವಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ, ಅಂಗಡಿಯವರು ಬದಲಿಸಿಯೂ ಕೊಡುತ್ತಾರೆ. ಇದು ತಂದು ಆರು ವರ್ಷ ಆಗಿತ್ತು. ಅಷ್ಟೂ ವರ್ಷ ಓದಿದವರು ಬರೆದವರನ್ನೇ ದೂರಿರಬೇಕು.

ಅಕ್ಕನ ಮನೆಯಲ್ಲಿ ಅದೇ ಕಾದಂಬರಿಯ ಇನ್ನೊಂದು ಪ್ರತಿ ಇತ್ತು. ಸಂಜೆಗೆ 161ರಿಂದ 176ರವರೆಗೆ ಜೆರಾಕ್ಸ್ ಮಾಡಿಸಿ ತಂದರು, ಎರಡೂ ಬದಿ, ಎಂಟು ಹಾಳೆ, ಒಳಗಡೆ ಒಂದು ಸೆಂಟಿಮೀಟರ್ ಹೆಚ್ಚು ಅಂಚು ಬಿಟ್ಟು. ಆ ಅಂಚಿಗೆ ಮೈದಾ ಅಂಟು ಸವರಿ ಒಂದೊಂದೇ ಹಾಳೆ ಕೂರಿಸಿದ್ದಾಯಿತು. ಬರೀ ಮೈದಾ ಆದರೆ ಹುಳ ಬರುತ್ತದೆ, ಬೈಂಡಿಂಗಿನವರು ಕುದಿಸುವಾಗಲೇ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅಂಟು ಪಕ್ಕದ ಪುಟಕ್ಕೆ ಹತ್ತದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ಶಾಸನ ಸಂಪುಟದ ಭಾರ ಹೇರಿ ರಾತ್ರಿಯೆಲ್ಲ ಬಿಟ್ಟೆವು. ಆ ಕಾದಂಬರಿಯ ಜೇಬು ಇನ್ನೂ ಖಾಲಿ ಇದೆ. ಹುಡುಗಿ ಹಳೆಯ ಚೀಟಿ ಹರಿದು, ಹದಿನಾರು ಪುಟ ಓದಿದ ಮೇಲೆ ಬೇರೆ ಬರೆದು ಕೊಡುತ್ತೇನೆ ಎಂದು ಪುಸ್ತಕ ಒಯ್ದಿದ್ದಾಳೆ.