ಒಂಬತ್ತೂವರೆ ನಿಮಿಷದ ಆ ಹಾಡೇ ಯಾಕೆ?

"ಪೋಸ್ಟ್-ಪಂಕ್‌ನಲ್ಲಿ ಅಷ್ಟೊಂದು ಹಾಡು ಉಂಟಲ್ಲ ಮಾರಾಯ್ರೆ, ನಿಮಗೆ ಬಾಹೌಸ್‌ನವರ ಆ ಒಂದೇ ಹಾಡು ಯಾಕೆ?" ಮಂಗಳೂರು, ಉಡುಪಿಯಲ್ಲಿ ಗಿಟಾರ್ ಹಿಡಿಯುವವರು ಸಿಕ್ಕಿದಾಗೆಲ್ಲ ಕೇಳುವ ಪ್ರಶ್ನೆ ಇದು. ಪೋಸ್ಟ್-ಪಂಕ್ ಅಂದರೆ ಪಂಕ್ ರಾಕ್‌ನ ಬೆನ್ನಿಗೆ ಬಂದ ಸಂಗೀತ, ಬಾಹೌಸ್ ಅದರ ಒಂದು ತಂಡ. ಹಾಡು 'ಬೆಲಾ ಲುಗೋಸೀಸ್ ಡೆಡ್'. ಇಂಗ್ಲೆಂಡಿನ ನಾರ್ಥಾಂಪ್ಟನ್‌ನ ನಾಲ್ವರು ತಂಡ ಕಟ್ಟಿ ಕೆಲವೇ ವಾರಗಳಾಗಿದ್ದಾಗ, 1979ರ ಜನವರಿಯಲ್ಲಿ, ವೆಲಿಂಗ್‌ಬರೋದ ಬೆಕ್ ಸ್ಟುಡಿಯೋದಲ್ಲಿ ಮುದ್ರಿಸಿದ್ದು. ಹೆಸರಿನಲ್ಲಿರುವ ಲುಗೋಸಿ 1931ರ ಡ್ರಾಕುಲಾ ಚಿತ್ರದ ನಟ, ತೀರಿಕೊಂಡದ್ದು 1956ರಲ್ಲಿ.

ಉತ್ತರ ಇಷ್ಟೇ: ಇಲ್ಲಿ ಎಕೋ, ಅಂದರೆ ಮರುದನಿ, ಕೂಡ ಒಂದು ವಾದ್ಯ. ಸಾಹಿತ್ಯದಲ್ಲಿ ಬಾವಲಿ, ರಕ್ತ, ಶವಪೆಟ್ಟಿಗೆ ಎಲ್ಲ ಬರುತ್ತದೆ. ಸ್ವಲ್ಪ ನಾಟಕವೇ, ಕೇಳಿ ನಗು ಬಂದರೂ ತಪ್ಪೇನಿಲ್ಲ. ಹೆದರಿಸುವ ಕೆಲಸವನ್ನು ಡ್ರಮ್ ಮಾಡುತ್ತದೆ. ಕೆವಿನ್ ಹ್ಯಾಸ್ಕಿನ್ಸ್ ಬಾರಿಸುವುದು ಬೊಸ್ಸಾ ನೋವಾ, ಅಂದರೆ ಬ್ರೆಜಿಲ್‌ನ ಹಗುರ ನಡಿಗೆಯ ತಾಳ. ಅದರ ಪೆಟ್ಟುಗಳ ನಡುವಿನ ಜಾಗಕ್ಕೆ ಎಕೋ ಬಂದು ಬೀಳುತ್ತದೆ. ಜಮೈಕಾದ ಡಬ್ ಸಂಗೀತದ ಪ್ರಭಾವ ಅದು: ಅಲ್ಲಿ ಸೌಂಡ್ ಎಂಜಿನಿಯರನೇ ಕಲಾವಿದ, ಮಿಕ್ಸರಿನ ಗುಂಡಿಗಳೇ ಅವನ ವಾದ್ಯ. ಡೇವಿಡ್ ಜೆ ಅವರ ಬೇಸ್ ಗಿಟಾರ್ ಮೆಟ್ಟಿಲಿಳಿದ ಹಾಗೆ ಸ್ವರ ಇಳಿಯುತ್ತದೆ, ಡೇನಿಯಲ್ ಆಶ್ ಗಿಟಾರಿನ ತಂತಿ ಕೆರೆಯುತ್ತಾರೆ. ಪೀಟರ್ ಮರ್ಫಿಯ ದನಿ ಬರುವಾಗ ಮೂರು ನಿಮಿಷ ಆಗುತ್ತ ಬಂದಿರುತ್ತದೆ. ಬಣ್ಣದ ವೇಷ ತೆರೆಯ ಹಿಂದೆಯೇ ಕುಣಿದು, ಕಿರೀಟದ ತುದಿ ಮಾತ್ರ ತೋರಿಸಿ ಕಾಯಿಸುವುದನ್ನು ಯಕ್ಷಗಾನದ ಆಟದಲ್ಲಿ ನೋಡಿದವರಿಗೆ ಈ ತಡ ತಡವೆನಿಸುವುದಿಲ್ಲ.

ಇಷ್ಟುದ್ದದ ಹಾಡು ಏಳು ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸರಿಯಾದ ಗಟ್ಟಿ ದನಿಯಲ್ಲಿ ಹಿಡಿಯುವುದಿಲ್ಲ. ಸ್ಮಾಲ್ ವಂಡರ್ ಕಂಪನಿ ಹನ್ನೆರಡು ಇಂಚಿನದ್ದನ್ನೇ ತಂದಿತು.

ಬಾರಿಸಿ ನೋಡುವವರು ಮೊದಲು ಕೆಡಿಸುವುದು ಎಲ್ಲದಕ್ಕೂ ಎಕೋ ಹಾಕಿ. ಬೇಸ್‌ಗೆ ಬೇಡವೇ ಬೇಡ. ಕೆಳಗಿನ ಸ್ವರಗಳು ಒಂದರ ಮೇಲೊಂದು ಬಿದ್ದು ಕೆಸರಾಗುತ್ತವೆ. ಸ್ನೇರ್‌ಗೆ (ಚಟ್ ಎನ್ನುವ ಡ್ರಮ್‌ಗೆ) ಹಾಕಿ, ಗಿಟಾರಿಗೆ ಬೇಕಾದಲ್ಲಿ ಮಾತ್ರ. ಡಿಲೇ ಸಮಯಕ್ಕೆ, ಅಂದರೆ ಪೆಟ್ಟಿಗೂ ಮರುದನಿಗೂ ನಡುವಿನ ಅಂತರಕ್ಕೆ, ಲೆಕ್ಕ ಸುಲಭ: 60,000ವನ್ನು ನಿಮಿಷದ ಬೀಟ್‌ಗಳಿಂದ ಭಾಗಿಸಿ. 150ಕ್ಕೆ ಬಾರಿಸಿದರೆ ಒಂದು ಬೀಟ್ 400 ಮಿಲಿಸೆಕೆಂಡ್. ಅದರ ಮುಕ್ಕಾಲು ಭಾಗ, 300, ಇಟ್ಟರೆ ಮರುದನಿ ಪೆಟ್ಟಿನ ಮೇಲೆಯೇ ಕೂರದೆ ಸಂದಿಯಲ್ಲಿ ಬೀಳುತ್ತದೆ. ಫೀಡ್‌ಬ್ಯಾಕ್ (ಮರುದನಿ ಎಷ್ಟು ಸಲ ಮರಳಬೇಕೆನ್ನುವ ಗುಂಡಿ) ಮೂರ್ನಾಲ್ಕು ಮರುದನಿಗೆ ನಿಲ್ಲುವಂತಿರಲಿ. ಒಂದು ಮಿತಿ ದಾಟಿದರೆ ಪ್ರತಿ ಮರುದನಿಯೂ ಹಿಂದಿನದಕ್ಕಿಂತ ಜೋರಾಗಿ ಮರಳಿ ಊಳಿಡುತ್ತದೆ. ಆ ಊಳೂ ಬೇಕು, ಆದರೆ ಕೈ ಗುಂಡಿಯ ಮೇಲೇ ಇರಬೇಕು. ಡ್ರಮ್ಮರ್ ಎಕೋವನ್ನು ಹಿಂಬಾಲಿಸಿದರೆ ಲಯ ಜಾರಿತೆಂದೇ ಲೆಕ್ಕ. ಅವರ ಕಿವಿಗೆ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಕೊಡಿ, ಎಕೋ ಕಡಿಮೆ ಕೊಡಿ.

ನಮ್ಮ ಊರಿನದ್ದೇ ಒಂದು ಕಾಟ ಉಂಟು. ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಮಂಕಾದ ತಂತಿಯಲ್ಲಿ ಆ ಕೆರೆತದ ಹರಿತ ಹುಟ್ಟುವುದಿಲ್ಲ. ಬಾರಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ಮಳೆಗಾಲದಲ್ಲಿ ಎಕೋ ಪೆಡಲ್ಲಿನ ಗುಂಡಿ ತಿರುಗಿಸುವಾಗ ಚರಚರ ಎನ್ನುತ್ತದೆ. ಬೇರೆ ಹಾಡಿಗೆ ಸಹಿಸಬಹುದು. ಇಲ್ಲಿ ಗುಂಡಿ ತಿರುಗಿಸುವುದೇ ವಾದನವಾದ್ದರಿಂದ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಸಂಪರ್ಕ ಶುಚಿ ಮಾಡುವ ದ್ರವ) ಹಾಕಲೇಬೇಕು.

ಬರೇ ಕೇಳುವವರಿಗೆ: ಮೊಬೈಲ್ ಸ್ಪೀಕರಿನಲ್ಲಿ ಬೇಡ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ 41 ಹರ್ಟ್ಸ್‌ಗೆ ಇಳಿಯುತ್ತದೆ, ಆ ಪುಟ್ಟ ಸ್ಪೀಕರಿಗೆ ಅದು ನಿಲುಕುವುದಿಲ್ಲ. ಆ ಇಳಿತವೇ ಹೋದರೆ ಉಳಿಯುವುದು ಟಿಕ್ ಟಿಕ್ ಮಾತ್ರ. ಉಡುಪಿ ಬಸ್ಸಿನಲ್ಲಾದರೆ ಎಂಜಿನ್ನಿನ ಗುಂಯ್‌ಗುಡುವಿಕೆ ಬೇಸನ್ನೇ ನುಂಗುತ್ತದೆ, ಕಿವಿಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಬೇಕು. ಆಟಿಯ ಮಳೆ ಹಂಚಿನ ಮೇಲೆ ಸುರಿಯುವಾಗ ಮೊದಲ ನಿಮಿಷ ಕೇಳಿಸದೆ ವಾಲ್ಯೂಮ್ ಏರಿಸುತ್ತೀರಿ, ಮರ್ಫಿ ಬಂದಾಗ ಕಿವಿ ಒಡೆಯುತ್ತದೆ. ಮಳೆ ನಿಂತ ಮೇಲೆ ಹಾಕಿ. ದನಿ ಬರುವಲ್ಲಿಂದ ಕತ್ತರಿಸಿದ ತುಣುಕು ಸಿಕ್ಕಿದರೆ ಬಿಡಿ, ಪೂರ್ತಿ ಹಾಡನ್ನೇ ಹುಡುಕಿ.