ಗೋಡೆಯ ಮೇಲಿನ ಬೆಳಕಿನ ಗೆರೆ

ಕಳೆದ ವಾರ ರಾತ್ರಿ ಮನೆಗೆ ಬರುವಾಗ ಎರಡು ಸಲ ಗಾಡಿಯನ್ನು ಬದಿಗೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ. ರಸ್ತೆಯ ಅಂಚು ಮಸುಕಾಗಿ ಕಾಣುತ್ತಿತ್ತು. ಮಳೆಯಿರಲಿಲ್ಲ, ಮಂಜೂ ಇರಲಿಲ್ಲ. ಮನೆ ತಲುಪಿ ಕಾರನ್ನು ಗೋಡೆಯ ಎದುರು ನಿಲ್ಲಿಸಿದಾಗ ಕಾರಣ ಗೊತ್ತಾಯಿತು. ಗೋಡೆಯ ಮೇಲೆ ಎರಡು ಬೆಳಕು ಬೀಳಬೇಕಾದ ಕಡೆ ಒಂದೇ ಬಿದ್ದಿತ್ತು. ರಸ್ತೆಯ ಅಂಚಿನ ಕಡೆಯ ಹೆಡ್‌ಲೈಟಿನಲ್ಲಿ ಡಿಮ್, ಅಂದರೆ ತಗ್ಗಿ ಹತ್ತಿರದ ರಸ್ತೆಗೆ ಬೀಳುವ ಬೆಳಕು, ಹೋಗಿತ್ತು. ದಾರಿಯಲ್ಲಿ ನಡೆದುಕೊಂಡು ಹೋಗುತ್ತಿದ್ದವರೊಬ್ಬರು ತೀರಾ ಹತ್ತಿರ ಬಂದ ಮೇಲೆ ಕಣ್ಣಿಗೆ ಬಿದ್ದಿದ್ದರು. ಅದು ನೆನಪಾಗಿ, ಎಂಜಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಸೀಟಿನಲ್ಲೇ ಕುಳಿತಿದ್ದೆ.

ಬಲ್ಬನ್ನು ನಾನೇ ಬದಲಾಯಿಸುತ್ತೇನೆ. ಹಾಗೆ ಮಾಡಲು ಶುರುಮಾಡಿ ಹತ್ತು ವರ್ಷಗಳ ಮೇಲಾಯಿತು. ಬೇರೆಯವರ ಕೈಗೆ ಕೊಟ್ಟಾಗ ಒಮ್ಮೆ ಬಲ್ಬ್ ಸರಿಯಾಗಿ ಕೂರದೆ, ಬೆಳಕು ರಸ್ತೆಯನ್ನು ಬಿಟ್ಟು ಮರದ ಕೊಂಬೆಗಳ ಮೇಲೆ ಬೀಳುತ್ತಿತ್ತು. ಎದುರಿನಿಂದ ಬಂದವರೆಲ್ಲ ಲೈಟು ಮಿಣುಕಿಸಿ ಬೈದುಕೊಂಡು ಹೋದರು. ನನ್ನ ವಯಸ್ಸು ಐವತ್ತೆಂಟು. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆದರೆ ಮತ್ತೆ ರಸ್ತೆ ಕಾಣಲು ನನಗೆ ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದು ನನಗೆ ಗೊತ್ತು. ಆ ಕಷ್ಟವನ್ನು ಇನ್ನೊಬ್ಬರಿಗೆ ಕೊಡಬಾರದೆಂಬ ಹಟ ಅಂದಿನಿಂದ ಇದೆ.

ಮೊದಲು ಯಾವ ಬಲ್ಬ್ ಎಂಬುದನ್ನು ಹೇಳಬೇಕು. ಎಚ್1, ಎಚ್4, ಎಚ್7, ಎಚ್11 ಎಂದೆಲ್ಲ ಬಲ್ಬುಗಳಿಗೆ ಹೆಸರಿದೆ. ಒಂದರ ಬುಡ ಇನ್ನೊಂದರ ಗೂಡಿಗೆ ಕೂರುವುದಿಲ್ಲ. ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ, ಇಲ್ಲವಾದರೆ ಹಳೆಯ ಬಲ್ಬಿನ ಲೋಹದ ಬುಡದಲ್ಲೇ ಕೊರೆದಿರುತ್ತದೆ. ನನ್ನದು ಎಚ್4. ಒಂದೇ ಗಾಜಿನೊಳಗೆ ಎರಡು ತಂತು, ಅಂದರೆ ಕಾದು ಬೆಳಕು ಕೊಡುವ ಸಣ್ಣ ತಂತಿ: ದೂರಕ್ಕೆ ಬೆಳಕು ಚೆಲ್ಲುವ ಹೈ ಬೀಮ್‌ಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್. ಎಚ್7ರಲ್ಲಿ ಇರುವುದು ಒಂದೇ ತಂತು, ಆದ್ದರಿಂದ ಅಂಥ ಕಾರುಗಳಲ್ಲಿ ಡಿಮ್‌ಗೂ ಹೈ ಬೀಮ್‌ಗೂ ಸಾಮಾನ್ಯವಾಗಿ ಬೇರೆ ಬೇರೆ ಬಲ್ಬ್ ಇರುತ್ತವೆ.

ಎಚ್4 ಬಲ್ಬನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಡಿಮ್ ತಂತುವಿನ ಅಡಿಯಲ್ಲಿ ತೊಟ್ಟಿಲಿನಂಥ ಪುಟ್ಟ ಲೋಹದ ಬಟ್ಟಲು ಇದೆ. ತಂತು ಅದರೊಳಗೆ ಮಲಗಿದಂತೆ ಕಾಣುತ್ತದೆ. ಕೆಳಮುಖವಾಗಿ ಹೋಗುವ ಬೆಳಕನ್ನು ಆ ಬಟ್ಟಲು ತಡೆಯುತ್ತದೆ. ಹಾಗಾಗಿ ಬಲ್ಬಿನ ಹಿಂದಿರುವ ಕನ್ನಡಿಯಂಥ ಪ್ರತಿಫಲಕದ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಗೆ ಇಳಿಯುತ್ತದೆ. ಕೆಳಗಿನ ಅರ್ಧಕ್ಕೂ ಬಿದ್ದರೆ ಆ ಬೆಳಕು ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣಿಗೆ ಹೋಗುತ್ತಿತ್ತು. ಡಿಮ್ ಹಾಕಿದಾಗ ಗೋಡೆಯ ಮೇಲೆ ಕತ್ತರಿಸಿದಂತೆ ಕಾಣುವ ಗೆರೆ ಹುಟ್ಟುವುದು ಈ ಬಟ್ಟಲಿನ ಅಂಚಿನಿಂದ. ಎಚ್4 ಬಂದದ್ದು 1971ರಲ್ಲಿ. ಇಷ್ಟು ಚಿಕ್ಕ ವಸ್ತುವಿನಲ್ಲಿ ಇಷ್ಟು ವಿವೇಕ ತುಂಬಿದವರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಇದನ್ನು ಅರ್ಥಮಾಡಿಕೊಳ್ಳುವ ಮೊದಲು ನಾನು ಎರಡು ತಪ್ಪು ಮಾಡಿದ್ದೆ. ಬೆಳಕು ಸಾಲದು ಎಂದು ಒಮ್ಮೆ 100/90 ವ್ಯಾಟಿನ ಬಲ್ಬ್ ತಂದು ಹಾಕಿದೆ. ಮೊದಲ ದಿನ ರಸ್ತೆ ಹಗಲಿನಂತಿತ್ತು. ಮೂರು ತಿಂಗಳಲ್ಲಿ ಬಾನೆಟ್ ಒಳಗಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರತೊಡಗಿತು. ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು, ಪ್ರತಿಫಲಕದ ಹೊಳಪಿನ ಮೇಲೆ ಹೊಗೆಯಾಡಿದಂಥ ಕಲೆ ಎದ್ದಿತ್ತು. ಲೆಕ್ಕ ಸರಳವಾದದ್ದು. 55 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. 90 ವ್ಯಾಟಿನದು ಏಳೂವರೆ. ತಂತಿಯ ಬಿಸಿ ಅದರಲ್ಲಿ ಹರಿಯುವ ವಿದ್ಯುತ್ತಿನ ವರ್ಗಕ್ಕೆ, ಅಂದರೆ ಆಂಪಿಯರನ್ನು ಅದರಿಂದಲೇ ಗುಣಿಸಿದಷ್ಟಕ್ಕೆ, ತಕ್ಕಂತೆ ಏರುವುದರಿಂದ, ಅದೇ ತಂತಿ ಎರಡೂವರೆ ಪಟ್ಟಿಗಿಂತ ಹೆಚ್ಚು ಕಾಯುತ್ತದೆ. ಕಾರಿನ ತಂತಿಯನ್ನು ಅಷ್ಟು ಹೊರೆಗೆಂದು ಮಾಡಿರಲಿಲ್ಲ. ಆ ಹೆಡ್‌ಲೈಟನ್ನೇ ಬದಲಾಯಿಸಬೇಕಾಯಿತು.

ಎರಡನೆಯದು ನೀಲಿ ಛಾಯೆಯ ಬಲ್ಬ್. ಅಂಗಡಿಯಲ್ಲಿ ಹೊತ್ತಿಸಿ ತೋರಿಸಿದಾಗ ಚಂದ ಕಂಡಿತ್ತು. ಎಚ್4ರಂಥ ಬಲ್ಬುಗಳೆಲ್ಲ ಹ್ಯಾಲೊಜೆನ್ ಬಗೆಯವು; ಆ ಬೆಳಕಿನ ಸಹಜ ಬಣ್ಣ ಸುಮಾರು 3200 ಕೆಲ್ವಿನ್, ಅಂದರೆ ತುಸು ಹಳದಿ ಬೆರೆತ ಬಿಳಿ. ಅದನ್ನು ನೀಲಿಯಾಗಿಸಲು ಗಾಜಿಗೆ ಬಣ್ಣದ ಲೇಪ ಕೊಡುತ್ತಾರೆ. ಲೇಪ ಹೊಸ ಬೆಳಕನ್ನು ಸೇರಿಸಲಾರದು. ಇರುವುದರಲ್ಲೇ ಹಳದಿ, ಕೆಂಪಿನ ಪಾಲನ್ನು ತಡೆದು ಹಿಡಿಯುತ್ತದೆ. ಮಳೆಯಲ್ಲಿ ಒದ್ದೆಯಾದ ಕಪ್ಪು ರಸ್ತೆ ಆ ಬೆಳಕನ್ನು ನುಂಗಿಬಿಟ್ಟಿತು. ಅದೇ ವಾರ ಬಿಚ್ಚಿ ಹಾಕಿದೆ.

ಡಬ್ಬಿಯ ಮೇಲೆ ‘ನೂರೈವತ್ತು ಶೇಕಡಾ ಹೆಚ್ಚು ಬೆಳಕು’ ಎಂದು ಬರೆದದ್ದನ್ನು ನಂಬಿ ಓಡಬೇಡಿ. ಎಚ್4 ಬಲ್ಬ್ 13.2 ವೋಲ್ಟಿನಲ್ಲಿ ಹೈ ಬೀಮ್‌ಗೆ 1650 ಲ್ಯೂಮೆನ್ (ಬೆಳಕಿನ ಅಳತೆ), ಡಿಮ್‌ಗೆ 1000 ಲ್ಯೂಮೆನ್ ಕೊಡಬೇಕು, ಶೇಕಡಾ 15ರಷ್ಟು ಹೆಚ್ಚು ಕಡಿಮೆ ಇರಬಹುದು ಎಂದು ವಿಶ್ವಸಂಸ್ಥೆಯ 37ನೇ ನಿಯಮಾವಳಿ ಗೊತ್ತುಮಾಡಿದೆ. ಒಪ್ಪಿಗೆ ಪಡೆದ ಯಾವ ಬಲ್ಬೂ ಆ ಮಿತಿ ದಾಟುವಂತಿಲ್ಲ. ಡಬ್ಬಿಯ ಮೇಲಿನ ಲೆಕ್ಕ ರಸ್ತೆಯ ಯಾವುದೋ ಕೆಲವು ಬಿಂದುಗಳಲ್ಲಿ, ನಿಯಮ ಕೇಳುವ ಕನಿಷ್ಠ ಮಟ್ಟಕ್ಕೆ ಹೋಲಿಸಿದ್ದು. ಅಂಥ ಬಲ್ಬುಗಳಲ್ಲಿ ತಂತುವನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ, ಹೆಚ್ಚು ಕಾಯಿಸುತ್ತಾರೆ. ಬೆಳಕು ನಿಜವಾಗಿಯೂ ದೂರಕ್ಕೆ ಹೋಗುತ್ತದೆ, ಆಯುಸ್ಸು ಮಾತ್ರ ಕಡಿಮೆಯಾಗುತ್ತದೆ. ರಾತ್ರಿ ಅಪರೂಪಕ್ಕೆ ದೂರ ಹೋಗುವವರಿಗೆ ಅದು ಸರಿ. ದಿನವೂ ಸಂಜೆಯ ಮೇಲೆ ಓಡಿಸುವ ನನಗೆ ಸಾಧಾರಣ ಬಲ್ಬೇ ಒಪ್ಪುತ್ತದೆ. ಕೊಳ್ಳುವಾಗ ಬುಡದ ಮೇಲೆ ಒಪ್ಪಿಗೆಯ ಗುರುತು, ಅಂದರೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ, ಅದರ ಪಕ್ಕ ಒಂದು ಸಂಖ್ಯೆ ಇದೆಯೇ ಎಂದು ನೋಡುತ್ತೇನೆ. ಆಮೇಲೆ ಎರಡು ಬಲ್ಬುಗಳನ್ನು ಅಕ್ಕಪಕ್ಕ ಹಿಡಿದು ತಂತು ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತೇನೆ. ಸೊಟ್ಟಗಿದ್ದರೆ ಅಲ್ಲೇ ವಾಪಸ್ ಕೊಡುತ್ತೇನೆ.

ಎಲ್‌ಇಡಿ ಏಕೆ ಹಾಕಲಿಲ್ಲ ಎಂದು ಮಗಳು ಕೇಳಿದಳು. ಎಲ್‌ಇಡಿಗೆಂದೇ ವಿನ್ಯಾಸ ಮಾಡಿದ ಹೆಡ್‌ಲೈಟ್ ಬಹಳ ಒಳ್ಳೆಯದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನನ್ನ ಕಾರಿನ ಪ್ರತಿಫಲಕದ ಒಂದೊಂದು ಬಾಗೂ ಆ ತಂತು ಇರುವ ಜಾಗವನ್ನು ನಂಬಿಕೊಂಡಿದೆ. ಬೆಳಕಿನ ಮೂಲ ಒಂದು ಮಿಲಿಮೀಟರ್ ಸರಿದರೂ ಗೆರೆ ಕಲಸಿಹೋಗುತ್ತದೆ. ಚಪ್ಪಟೆ ಹಲಗೆಯ ಎರಡು ಬದಿಗೆ ಅಂಟಿಸಿದ ಎಲ್‌ಇಡಿ ಆ ತಂತುವಿನಂತೆ ಸುತ್ತಲೂ ಬೆಳಗುವುದಿಲ್ಲ. ಓಡಿಸುವವರಿಗೆ ಹತ್ತಿರದ ರಸ್ತೆ ಬೆಳ್ಳಗೆ ಹೊಳೆದು ಖುಷಿಯಾಗುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ. ಎಷ್ಟೋ ದೇಶಗಳಲ್ಲಿ ಹ್ಯಾಲೊಜೆನ್ ದೀಪದೊಳಗೆ ಎಲ್‌ಇಡಿ ಹಾಕಲು ಕಾನೂನಿನ ಒಪ್ಪಿಗೆಯಿಲ್ಲ. ಜರ್ಮನಿಯಲ್ಲಿ 2020ರಿಂದ ಒಪ್ಪುತ್ತಾರೆ, ಅದೂ ಪರೀಕ್ಷೆಯಲ್ಲಿ ಗೆದ್ದ ಬಲ್ಬನ್ನು, ಪಟ್ಟಿಯಲ್ಲಿರುವ ಕಾರಿಗೆ ಮಾತ್ರ. ಆ ಎಚ್ಚರಿಕೆ ನನಗೆ ಸರಿಯೆನಿಸುತ್ತದೆ.

ಇನ್ನು ಕೆಲಸ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಲೈಟಿನ ಸ್ವಿಚ್ ಆರಿಸಿ, ಕೀಲಿ ತೆಗೆದಿಟ್ಟು ಬಾನೆಟ್ ಎತ್ತಿದೆ. ಹೆಡ್‌ಲೈಟಿನ ಹಿಂದೆ ಕೈ ಹೋಗುವಷ್ಟೇ ಜಾಗವಿದೆ, ತಲೆ ಹೋಗುವುದಿಲ್ಲ. ಹಾಗಾಗಿ ಮೊಬೈಲನ್ನು ಒಳಗೆ ಹಿಡಿದು ಒಂದು ಫೋಟೊ ತೆಗೆದುಕೊಳ್ಳುತ್ತೇನೆ: ಕ್ಲಿಪ್ ಯಾವ ಕಡೆಗೆ ಮಡಚಿದೆ, ರಬ್ಬರ್ ಟೋಪಿಯ ಮೇಲ್ಭಾಗ ಯಾವುದು. ಮೂರು ಕಾಲಿನ ಕನೆಕ್ಟರನ್ನು ತಂತಿ ಹಿಡಿದು ಎಳೆಯಬಾರದು; ಅದರ ಪ್ಲಾಸ್ಟಿಕ್ ಮೈಯನ್ನೇ ಹಿಡಿದು ಮೆಲ್ಲಗೆ ಆಚೆ ಈಚೆ ಆಡಿಸಿದರೆ ಸಡಿಲವಾಗುತ್ತದೆ. ಆಮೇಲೆ ರಬ್ಬರ್ ಟೋಪಿ ಬಿಡಿಸಿದೆ. ಅದರ ಹಿಂದೆ ಸ್ಪ್ರಿಂಗ್ ತಂತಿಯ ಕ್ಲಿಪ್.

ಈ ಕ್ಲಿಪ್ಪಿಗೆ ತಾಳ್ಮೆ ಬೇಕು. ಕಣ್ಣಿಗೆ ಕಾಣುವುದಿಲ್ಲ, ಬೆರಳಿನ ತುದಿಯಲ್ಲೇ ಅದರ ಆಕಾರ ಓದಬೇಕು. ತಂತಿಯ ಎರಡು ತುದಿಗಳನ್ನು ಒಳಕ್ಕೆ ಒತ್ತಿ, ನಂತರ ಹಿಡಿಯಿಂದ ಈಚೆಗೆ ಜಾರಿಸಿದಾಗ ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ಒತ್ತದೆ ಎಳೆದರೆ ತಂತಿ ಬಾಗುತ್ತದೆ. ಬಾಗಿದ ಕ್ಲಿಪ್ ಬಲ್ಬನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಆ ಬಲ್ಬ್ ರಸ್ತೆಯ ಪ್ರತಿ ಗುಂಡಿಗೂ ನಡುಗುತ್ತದೆ.

ಹೊರಬಂದ ಹಳೆಯ ಬಲ್ಬನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದೆವು. ಡಿಮ್ ತಂತು ನಡುವೆ ತುಂಡಾಗಿ, ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಮಣಿ ಕಟ್ಟಿತ್ತು. ಕೊನೆಯ ಕ್ಷಣದಲ್ಲಿ ಟಂಗ್‌ಸ್ಟನ್ ಕರಗಿದ ಗುರುತು. ಗಾಜಿನ ಒಳಮೈ ಬೂದು ಬಣ್ಣಕ್ಕೆ ತಿರುಗಿತ್ತು. ಗಾಜು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಸೇರಿದೆ ಎಂದು ತಿಳಿಯಬೇಕು, ಅಂದರೆ ಗಾಜು ಎಲ್ಲೋ ಬಿಟ್ಟಿದೆ.

ಹೊಸ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬೇಡಿ ಎಂದು ಎಲ್ಲರೂ ಹೇಳುತ್ತಾರೆ, ಏಕೆಂದು ಹೇಳುವವರು ಕಡಿಮೆ. ಉರಿಯುವ ತಂತುವಿನಿಂದ ಟಂಗ್‌ಸ್ಟನ್ ಆವಿಯಾಗಿ ಹೋಗುತ್ತಲೇ ಇರುತ್ತದೆ. ಒಳಗಿರುವ ಅಯೋಡಿನ್ ಅಥವಾ ಬ್ರೋಮಿನ್ ಅದನ್ನು ಹಿಡಿದು ಮತ್ತೆ ತಂತುವಿನ ಬಳಿಗೇ ಒಯ್ಯುತ್ತದೆ. ಈ ಕೆಲಸ ನಡೆಯಬೇಕಾದರೆ ಗಾಜಿನ ಗೋಡೆ 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಿರಬೇಕು. ಅದಕ್ಕೇ ಬಲ್ಬ್ ಅಷ್ಟು ಚಿಕ್ಕದು, ಅದಕ್ಕೇ ಅದು ಸಾಧಾರಣ ಗಾಜಿಗಿಂತ ಗಟ್ಟಿಯಾದ ಸ್ಫಟಿಕದ ಗಾಜು. ಬೆರಳಿನ ಬೆವರಿನಲ್ಲಿ ಉಪ್ಪಿದೆ. ಅಷ್ಟು ಬಿಸಿಯಲ್ಲಿ ಆ ಉಪ್ಪು ಗಾಜನ್ನು ಕೊರೆದು ಮಬ್ಬಾಗಿಸುತ್ತದೆ, ಮಬ್ಬಾದ ಜಾಗ ದುರ್ಬಲವಾಗುತ್ತದೆ. ಒಳಗಿನ ಅನಿಲ ಒತ್ತಡದಲ್ಲಿರುವುದರಿಂದ ಬಲ್ಬ್ ಸಿಡಿಯಲೂಬಹುದು. ನಾನು ಲೋಹದ ಬುಡವನ್ನು ಮಾತ್ರ ಹಿಡಿಯುತ್ತೇನೆ. ಅಕಸ್ಮಾತ್ ಗಾಜಿಗೆ ಕೈ ತಾಗಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಶುದ್ಧ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡುತ್ತೇನೆ.

ಎಚ್4 ಬುಡದ ಸುತ್ತ ಮೂರು ಕಿವಿಗಳಿವೆ, ಒಂದು ಅಗಲ, ಎರಡು ಕಿರಿದು. ಅಗಲದ್ದು ಮೇಲೆ ಬರುವಂತೆ ಇಟ್ಟರೆ ಬಲ್ಬ್ ತಾನಾಗಿ ಗೂಡಿಗೆ ಇಳಿದು ಅಲುಗಾಡದೆ ನಿಲ್ಲುತ್ತದೆ. ಬಲವಂತ ಮಾಡಬೇಕಾಗಿ ಬಂದರೆ ಏನೋ ತಪ್ಪಿದೆ ಎಂದೇ ಅರ್ಥ. ಕ್ಲಿಪ್ ಹಾಕಿ, ರಬ್ಬರ್ ಟೋಪಿಯನ್ನು ಸುತ್ತಲೂ ಬೆರಳಿನಿಂದ ಒತ್ತಿ ಕೂರಿಸಿದೆ. ಇಲ್ಲಿ ಅವಸರ ಮಾಡಿದರೆ ಮಳೆಗಾಲದಲ್ಲಿ ಹೆಡ್‌ಲೈಟಿನೊಳಗೆ ಬೆವರು ಕಟ್ಟುತ್ತದೆ. ಇನ್ನೊಂದು ಕಡೆಯ ಬಲ್ಬ್ ಉರಿಯುತ್ತಿತ್ತು, ಆದರೂ ಬದಲಾಯಿಸಿದೆ. ಎರಡೂ ಒಂದೇ ದಿನ ಹಾಕಿದವು, ಅಷ್ಟೇ ಗಂಟೆ ಉರಿದವು. ಚೆನ್ನಾಗಿರುವ ಹಳೆಯದನ್ನು ಹೊಸ ಬಲ್ಬಿನ ಡಬ್ಬಿಯಲ್ಲಿಟ್ಟು ಕಾರಿನಲ್ಲೇ ಇರಿಸಿದ್ದೇನೆ.

ಹೊಸ ಬಲ್ಬ್ ಹಾಕಿದ ಮೇಲೂ ಬೆಳಕು ಮಂಕಾಗಿದ್ದರೆ ಮತ್ತೊಂದು ಬಲ್ಬಿಗೆ ಹಣ ಸುರಿಯಬೇಡಿ, ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಓಡುತ್ತಿರುವಾಗ, ಲೈಟ್ ಹೊತ್ತಿರುವಾಗ, ಬಲ್ಬಿನ ಕಾಲುಗಳಲ್ಲಿ ವೋಲ್ಟೇಜ್ ಅಳೆಯಿರಿ. 13.2 ಇರಬೇಕಾದ ಕಡೆ 12 ಇದ್ದರೆ ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಗಿದೆ. ನನ್ನ ಹಿಂದಿನ ಕಾರಿನಲ್ಲಿ ತುಕ್ಕು ಹಿಡಿದ ಅರ್ತ್ ತಂತಿಯೊಂದು ಎರಡು ವರ್ಷ ನನ್ನನ್ನು ಹೀಗೆ ಕಾಡಿತ್ತು. ಮರಳು ಕಾಗದದಿಂದ ಅದರ ತುದಿ ಉಜ್ಜಿ ಬಿಗಿದದ್ದಷ್ಟೇ, ಬೆಳಕು ಮರಳಿ ಬಂತು. ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿಗಟ್ಟಿದ್ದರೂ ಇದೇ ಪಾಡು. ಬಿಸಿಲಿಗೆ ಆ ಪ್ಲಾಸ್ಟಿಕ್ ಮಬ್ಬಾಗುತ್ತದೆ, ಉಜ್ಜಿ ಹೊಳಪು ಕೊಡಿಸಬೇಕು.

ಸಂಜೆ ಕತ್ತಲಾದ ಮೇಲೆ ನನಗೆ ಅತ್ಯಂತ ಇಷ್ಟವಾದ ಭಾಗ. ಚಕ್ರಗಳ ಗಾಳಿ ಸರಿನೋಡಿ, ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಯಿಂದ ಸರಿಯಾಗಿ 10 ಮೀಟರ್ ದೂರ ನಿಲ್ಲಿಸಿದೆ. ಮಗಳು ಚಾಲಕರ ಸೀಟಿನಲ್ಲಿ ಕುಳಿತಳು, ಏಕೆಂದರೆ ಚಾಲಕರ ಭಾರವೂ ಲೆಕ್ಕಕ್ಕೆ ಬರುತ್ತದೆ. ನೆಲದಿಂದ ಹೆಡ್‌ಲೈಟಿನ ಮಧ್ಯದವರೆಗೆ 65 ಸೆಂಟಿಮೀಟರ್. ಗೋಡೆಯ ಮೇಲೆ ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ, 55ರಲ್ಲಿ, ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದೆ. ನನ್ನ ಹೆಡ್‌ಲೈಟಿನ ಮೇಲೆ ಒಂದು ಶೇಕಡಾ ಇಳಿಜಾರು ಎಂದು ಅಚ್ಚಾಗಿದೆ. 10 ಮೀಟರಿಗೆ 10 ಸೆಂಟಿಮೀಟರ್ ಎಂದರೆ ಅದೇ.

ಈ ಹತ್ತು ಸೆಂಟಿಮೀಟರನ್ನು ಸಣ್ಣದೆಂದು ತಿಳಿಯಬಾರದು. ಒಂದು ಶೇಕಡಾ ಇಳಿದರೆ ಆ ಗೆರೆ ನೆಲ ಮುಟ್ಟುವುದು 65 ಮೀಟರ್ ಮುಂದೆ. ಎರಡು ಶೇಕಡಾ ಇಳಿದರೆ 32 ಮೀಟರಿಗೇ ಮುಗಿಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡದ್ದು ಮನಸ್ಸಿಗೆ ಹೊಳೆದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತದೆ, ಆ 32 ಮೀಟರಿನಲ್ಲಿ ಬ್ರೇಕ್ ಹಿಡಿಯಲು ಉಳಿಯುವುದು ಹತ್ತೇ ಮೀಟರ್. ಆ ರಾತ್ರಿ ನಡೆದು ಹೋಗುತ್ತಿದ್ದವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ಬಲಗಡೆಯ ಬೆಳಕು ಗೆರೆಯ ಮೇಲೇ ಇತ್ತು, ಎಡಗಡೆಯದು ಮೂರು ಬೆರಳು ಮೇಲಿತ್ತು. ಹೆಡ್‌ಲೈಟಿನ ಹಿಂದಿರುವ ತಿರುಪನ್ನು ಅರ್ಧ ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸಿದೆ. ಗೋಡೆಯ ಮೇಲಿನ ಬೆಳಕು ತಡೆದು ತಡೆದು ಇಳಿದು, ಸುಣ್ಣದ ಗೆರೆಯ ಮೇಲೆ ಕೂತಿತು. ‘ನಿಂತಿತು’ ಎಂದು ಮಗಳು ಒಳಗಿನಿಂದಲೇ ಕೂಗಿದಳು.

ಭಾನುವಾರ ಮನೆಯವರನ್ನೆಲ್ಲ ಕಾರಿನಲ್ಲಿ ಕೂರಿಸಿ ಇನ್ನೊಮ್ಮೆ ನೋಡಿದೆ. ಹಿಂದೆ ಮೂವರು ಕುಳಿತರೆ ಮೂತಿ ಮೇಲೆದ್ದು ಬೆಳಕು 7 ಸೆಂಟಿಮೀಟರ್ ಏರುತ್ತದೆ. ಡ್ಯಾಶ್‌ಬೋರ್ಡಿನಲ್ಲಿರುವ ಪುಟ್ಟ ಚಕ್ರವನ್ನು 2ಕ್ಕೆ ತಿರುಗಿಸಿದರೆ ಮತ್ತೆ ಗೆರೆಗೆ ಬರುತ್ತದೆ. ಇಷ್ಟು ವರ್ಷ ಆ ಚಕ್ರವನ್ನು ನಾನು ಮುಟ್ಟಿರಲೇ ಇಲ್ಲ. ಗೆರೆಯನ್ನು ಗೋಡೆಯಿಂದ ಅಳಿಸಿಲ್ಲ.