ಹಾಸಿಗೆ ಎತ್ತಿ ನೋಡದೆ ಬರೆದ ಎಸ್ಟಿಮೇಟ್

ಒಂದು ಹಳೆಯ ಕ್ಯಾರವಾನ್ ಗಾಡಿಯ ರಿಪೇರಿಗೆ ನಾನು ಬರೆದುಕೊಟ್ಟಿದ್ದು 42 ಸಾವಿರ. ಕೊನೆಗೆ ಆದದ್ದು 1 ಲಕ್ಷ 76 ಸಾವಿರ. ಎರಡೂ ಕಾಗದ ಇವತ್ತಿಗೂ ನನ್ನ ಡ್ರಾಯರ್‌ನಲ್ಲಿವೆ, ಒಂದಕ್ಕೊಂದು ಪಿನ್ ಹೊಡೆದು ಇಟ್ಟಿದ್ದೇನೆ.

ಪೀಣ್ಯದ ಕಡೆ ಗಾಡಿಗಳ ಬಾಡಿ ಕಟ್ಟುವ ಒಂದು ಶೆಡ್‌ನಲ್ಲಿ ನನ್ನ ಕೆಲಸ. ನಾನು ಮೆಕ್ಯಾನಿಕ್ ಅಲ್ಲ, ವೆಲ್ಡಿಂಗೂ ಬರಲ್ಲ. ಬಂದ ಗಾಡಿ ನೋಡಿ ಏನೇನು ರಿಪೇರಿ, ಎಷ್ಟು ಖರ್ಚು ಎಂದು ಎಸ್ಟಿಮೇಟ್ ಬರೆಯುತ್ತೇನೆ. 2014ರಲ್ಲಿ ಲೆಕ್ಕ ಬರೆಯಲು ಸೇರಿದವಳು, ನಮ್ಮ ಮೇಸ್ತ್ರಿ ಹಿಂದೆ ಸುತ್ತಿ ಸುತ್ತಿ ಇದನ್ನು ಕಲಿತೆ. ಮೊದಲೆಲ್ಲ ಸ್ಕೂಲ್ ವ್ಯಾನು, ಆಂಬುಲೆನ್ಸು ಬರುತ್ತಿದ್ದವು. ಕೊರೋನಾ ಆದಮೇಲೆ ಕ್ಯಾರವಾನ್ ಶುರುವಾಯಿತು. ಹೋಟೆಲ್ ರೂಮಿನ ಸಹವಾಸ ಬೇಡ ಎಂದು ಜನ ಟೆಂಪೋ ಟ್ರಾವೆಲರ್ ಒಳಗೆ ಮಂಚ, ಅಡುಗೆ ಕಟ್ಟೆ, ಟಾಯ್ಲೆಟ್ ಎಲ್ಲ ಕಟ್ಟಿಸಿದರು. ಎರಡು ವರ್ಷ ಸುತ್ತಿದರು, ಆಮೇಲೆ ಮಾರಲು ನಿಂತರು. ಬೆಂಗಳೂರಲ್ಲಿ 30-40 ಸೈಟಿನ ಮನೆ ಮುಂದೆ ಟಿಟಿ ನಿಲ್ಲಿಸಿಕೊಂಡರೆ ಪಕ್ಕದ ಮನೆಯವರ ಜೊತೆ ದಿನಾ ಜಗಳ ಅಲ್ವಾ.

ಹಾಗೆ ಮಾರಾಟಕ್ಕೆ ಬಂದ ಗಾಡಿ ಅದು. ಮೊದಲು ಬಾಡಿಗೆಗೆ ಓಡಿಸುತ್ತಿದ್ದರು. ಕೊಳ್ಳಲು ಹೊರಟವರು ವಿಜಯನಗರದ ಒಬ್ಬ ರಿಟೈರ್ಡ್ ಬ್ಯಾಂಕ್ ಅಧಿಕಾರಿ ಮತ್ತು ಅವರ ಹೆಂಡತಿ. 2022ರ ಫೆಬ್ರವರಿ. ನಾನು ಹೋಗಿ ಒಂದೂವರೆ ಗಂಟೆ ನೋಡಿದೆ. ಕಿಟಕಿಯ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿತ್ತು, ನೀರಿನ ಪಂಪ್ ಸತ್ತಿತ್ತು, ಬ್ಯಾಟರಿ ಹಳೆಯದು, ಒಂದು ಟೈರ್ ಹೋಗಿತ್ತು, ಸೋಫಾ ಬಟ್ಟೆ ಹರಿದಿತ್ತು. ಇಷ್ಟನ್ನೂ ಸೇರಿಸಿ 42 ಸಾವಿರ ಬರೆದೆ. ಹಿಂದಿನ ಮಂಚದ ಮೇಲೆ ದಪ್ಪ ಹಾಸಿಗೆ, ಅದರ ಮೇಲೆ ಇಸ್ತ್ರಿ ಮಾಡಿದ ಬೆಡ್‌ಶೀಟ್. ಅಷ್ಟು ಚೆನ್ನಾಗಿ ಹಾಸಿದ್ದನ್ನು ಕೆಡಿಸುವುದು ಯಾಕೆ ಎಂದು ಮುಟ್ಟಲಿಲ್ಲ. ನಿಜವಾಗಿ ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಏಪ್ರಿಲ್‌ನಲ್ಲಿ ನಾಲ್ಕು ಮಳೆ ಬಿತ್ತು. ಗಾಡಿ ಕೊಂಡಿದ್ದ ಆ ಬ್ಯಾಂಕ್ ಅಂಕಲ್ ಫೋನ್ ಮಾಡಿದರು. ಒಳಗೆ ನಾಯಿ ನೆಂದ ಹಾಗೆ ವಾಸನೆ ಬರುತ್ತಿದೆ ಎಂದರು. ಗಾಡಿ ಶೆಡ್‌ಗೆ ಬಂತು. ಮೇಸ್ತ್ರಿ ಹಾಸಿಗೆ ತೆಗೆದು, ಮಂಚದ ಪೆಟ್ಟಿಗೆಯ ಮೂಲೆಗೆ ಹೆಬ್ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು. ಪ್ಲೈವುಡ್ ಕಾಫಿಗೆ ಅದ್ದಿದ ರಸ್ಕ್ ಆಗಿತ್ತು.

ನೀರು ಒಳಗೆ ಬಂದದ್ದು ಹಿಂದಿನ ಮೂಲೆಯಲ್ಲಿ ಅಲ್ಲ, ರೂಫ್ ನಡುವೆ. ಸೋಲಾರ್ ಪ್ಯಾನೆಲ್ ಕೂರಿಸುವಾಗ ಫೈಬರ್ ಶೀಟಿಗೆ ನೇರವಾಗಿ ಸ್ಕ್ರೂ ಹೊಡೆದು, ಮೇಲೆ ಸಿಲಿಕಾನ್ ಬಳಿದು ಬಿಟ್ಟಿದ್ದರು. ಬಿಸಿಲಿಗೆ ಫೈಬರ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಗಾಡಿ ಓಡುವಾಗ ಗಾಳಿಗೆ ಪ್ಯಾನೆಲ್ ಅದುರುತ್ತದೆ, ಹೀಗೆ ವರ್ಷ ಕಳೆದರೆ ಸಿಲಿಕಾನ್ ಅಂಚು ಕೂದಲೆಳೆಯಷ್ಟು ಎದ್ದುಕೊಳ್ಳುತ್ತದೆ, ನೀರಿಗೆ ಅಷ್ಟು ಸಾಕು. ಅದು ವೈರ್ ಹಾಕಿದ ಪೈಪ್ ಹಿಡಿದುಕೊಂಡು ಗೋಡೆಯೊಳಗೆ ಇಳಿದು ಮಂಚದ ಕೆಳಗೆ ಕೂತಿತ್ತು. ನಾನು ನೋಡಿದ್ದು ಫೆಬ್ರವರಿಯಲ್ಲಿ. ಎರಡು ತಿಂಗಳಿಂದ ಒಂದು ಹನಿ ಮಳೆ ಇರಲಿಲ್ಲ, ಎಲ್ಲ ಒಣಗಿತ್ತು, ವಾಸನೆಯೂ ಇರಲಿಲ್ಲ.

ಈಗ ಆ 1 ಲಕ್ಷ 76 ಸಾವಿರದ ಲೆಕ್ಕ. ನಾನು ಇದರಿಂದಲೇ ಕಲಿತದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸ ಮರೈನ್ ಪ್ಲೈಗೆ ಆದದ್ದು ಬರೀ 21 ಸಾವಿರ. ಸೋರುತ್ತಿದ್ದ ಜಾಗ ಸರಿಮಾಡಲು, ಪ್ಯಾನೆಲ್ ಇಳಿಸಿ ತೂತು ಮುಚ್ಚಿ ಪ್ಯಾಚ್ ಹಾಕಲು, ಆರು ಸಾವಿರವೂ ಆಗಲಿಲ್ಲ. ಆದರೆ ಆ ಪ್ಲೈ ತನಕ ತಲುಪಬೇಕಾದರೆ ಮಂಚ ಬಿಚ್ಚಬೇಕು, ಮಂಚ ಬಿಚ್ಚಲು ವಾರ್ಡ್‌ರೋಬ್ ಬಿಚ್ಚಬೇಕು, ವಾರ್ಡ್‌ರೋಬ್ ಹಿಂದೆ ಇಡೀ ಗಾಡಿಯ ವೈರಿಂಗ್. ಕಾರ್ಪೆಂಟರ್ ಮತ್ತು ಹೆಲ್ಪರ್ 21 ದಿನ ಕೂತರು, ಕೂಲಿಯೇ 48 ಸಾವಿರ ದಾಟಿತು. ವೈರಿಂಗ್ ತೆಗೆದು ಮತ್ತೆ ಎಳೆಯಲು 22 ಸಾವಿರ. ನೆಲದ ಅಡಿಯ ಕಬ್ಬಿಣ ತುಕ್ಕು ಹಿಡಿದಿತ್ತು, ಅದರ ವೆಲ್ಡಿಂಗಿಗೆ 18. ಲ್ಯಾಮಿನೇಟ್, ಗಮ್, ಗೋಡೆಯೊಳಗಿನ ಫೋಮ್ ಎಲ್ಲ ಸೇರಿ 19. ನನ್ನ 42 ಸಾವಿರ ಇದ್ದೇ ಇತ್ತು.

ಅಂಕಲ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಮ್ಮಾ, ಅವತ್ತು ಹಾಸಿಗೆ ಎತ್ತಿ ನೋಡಿದ್ರಾ?" ಎಂದು ಮಾತ್ರ ಕೇಳಿದರು. ಇಲ್ಲ ಸರ್ ಎಂದೆ. ನಮ್ಮ ಓನರ್ ಕೂಲಿಯಲ್ಲಿ ಅರ್ಧ ಬಿಟ್ಟರು. ನನ್ನ ಸಂಬಳ ಮುಟ್ಟಲಿಲ್ಲ, ಆದರೆ ಎರಡು ತಿಂಗಳು ನಾನು ಬರೆದ ಪ್ರತಿ ಎಸ್ಟಿಮೇಟನ್ನೂ ಮೇಸ್ತ್ರಿ ಸಹಿ ಮಾಡಿದ ಮೇಲೇ ಕೊಡಬೇಕು ಎಂದರು. ಅದು ಸರಿಯೇ.

ಅವತ್ತಿನಿಂದ ನನ್ನ ಬರೆಯುವ ರೀತಿ ಬದಲಾಯಿತು. ಏನು ಕೆಟ್ಟಿದೆ ಎಂದು ಬರೆದ ಮೇಲೆ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯುತ್ತೇನೆ, ಅಲ್ಲಿಗೆ ಕೈ ಹೋಗಲು ಏನೇನು ಬಿಚ್ಚಬೇಕು ಎಂದು. ಪಂಪ್ ಸತ್ತಿದೆಯಾ? ಸಿಂಕ್ ಕೆಳಗೆ ನಾಲ್ಕು ಸ್ಕ್ರೂ, ಒಂದು ಗಂಟೆ ಕೆಲಸ. ಅದೇ ಪಂಪನ್ನು ಯಾರೋ ಪುಣ್ಯಾತ್ಮ ಟಾಯ್ಲೆಟ್ ಗೋಡೆ ಹಿಂದೆ ಕೂರಿಸಿ ಮೇಲೆ ಶೀಟ್ ಅಂಟಿಸಿದ್ದರೆ ಎರಡು ದಿನ. ಪಂಪಿನ ರೇಟು ಎರಡೂ ಕಡೆ ಒಂದೇ. ಕೊಳ್ಳುವವರು ಜೆ.ಸಿ. ರೋಡ್‌ನಲ್ಲಿ ಪಾರ್ಟ್ಸ್ ರೇಟು ಕೇಳಿಕೊಂಡು ಬಂದು, ಇಷ್ಟೇ ತಾನೇ ಎನ್ನುತ್ತಾರೆ. ಪಾರ್ಟ್ಸಿಗೆ ಇಷ್ಟೇ ಹೌದು.

ನೀರಿನ ವಿಷಯ ಇನ್ನೂ ಸ್ವಲ್ಪ. ಗಾಡಿ ನೋಡಲು ಹೋಗುವ ಹಿಂದಿನ ರಾತ್ರಿ ಬಾಗಿಲು ಕಿಟಕಿ ಎಲ್ಲ ಮುಚ್ಚಿಡಿ, ನಾವು ಬಂದ ಮೇಲೇ ತೆಗೆಯಿರಿ ಎಂದು ಮಾರುವವರಿಗೆ ಹೇಳುತ್ತೇನೆ. ಬಾಗಿಲು ತೆಗೆದ ಮೊದಲ ಉಸಿರಿನಲ್ಲಿ ಅರ್ಧ ಗೊತ್ತಾಗುತ್ತದೆ. ಒಳಗೆ ಊದುಬತ್ತಿ ಹಚ್ಚಿಟ್ಟಿದ್ದರೆ, ಸೆಂಟ್ ಹೊಡೆದಿದ್ದರೆ, ದೇವರ ಮೇಲಿನ ಭಕ್ತಿ ಇರಬಹುದು, ಇಲ್ಲದೆಯೂ ಇರಬಹುದು. ಒಂದು ಮೂಲೆಯಲ್ಲಿ ಮಾತ್ರ ಹೊಸ ವಾಲ್‌ಪೇಪರ್ ಅಂಟಿಸಿದ್ದರೆ ಅಲ್ಲಿಂದಲೇ ಶುರು ಮಾಡುತ್ತೇನೆ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ, ಲ್ಯಾಮಿನೇಟ್ ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು ಬರುತ್ತದೆ. ಮರದ ತೇವ ಅಳೆಯುವ ಎರಡು ಮುಳ್ಳಿನ ಮೀಟರ್ ಒಂದು ಕೊಂಡಿದ್ದೇನೆ. 15 ಪರ್ಸೆಂಟ್ ಒಳಗಿದ್ದರೆ ಚಿಂತೆ ಇಲ್ಲ. 20 ದಾಟಿದರೆ ನೀರು ಎಲ್ಲಿಂದ ಎಂದು ಹುಡುಕಬೇಕು. 30 ಬಂದರೆ ಪ್ಲೈ ಹೋಗಿದೆ ಎಂದೇ ಲೆಕ್ಕ ಹಾಕುತ್ತೇನೆ. ಮಳೆಗಾಲದಲ್ಲಿ ಎಲ್ಲ ಕಡೆಯೂ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಅದಕ್ಕೆ ಅದೇ ಗಾಡಿಯ ಒಣಗಿದ ಜಾಗ ಒಂದನ್ನು ಮೊದಲು ಅಳೆದು ಅದರ ಜೊತೆ ಹೋಲಿಸಬೇಕು.

ಬೇಸಿಗೆಯಲ್ಲಿ ಮೀಟರೂ ಮೋಸ ಹೋಗುತ್ತದೆ. ಅದಕ್ಕೆ ಮೇಸ್ತ್ರಿ ಹೇಳಿಕೊಟ್ಟ ದಾರಿ ವಾಟರ್ ಸರ್ವಿಸ್. ಗಾಡಿಯನ್ನು ಅಲ್ಲಿಗೆ ಕರೆದೊಯ್ದು ರೂಫ್ ಮೇಲೆ ಮಳೆ ಬಿದ್ದ ಹಾಗೆ ಇಪ್ಪತ್ತು ನಿಮಿಷ ನೀರು ಬಿಡಿಸಿ, ಒಳಗೆ ಟಾರ್ಚ್ ಹಿಡಿದು ಕೂರುವುದು. ಪ್ರೆಶರ್ ಗನ್ ಬೇಡ, ಬರೀ ಪೈಪ್ ಸಾಕು. ಗನ್ ಹಿಡಿದರೆ ಚೆನ್ನಾಗಿರುವ ಬೀಡಿಂಗೂ ನೀರು ಬಿಡುತ್ತದೆ, ಆಮೇಲೆ ಮಾರುವವರ ಜೊತೆ ಜಗಳ ಬೇರೆ. ಇದಕ್ಕೆ ಒಪ್ಪದವರ ಗಾಡಿ ನೋಡಲು ನಾನು ಹೋಗುವುದಿಲ್ಲ.

ಗಾಡಿ ಅಡಿಯಲ್ಲಿ ಹೊಸದಾಗಿ ಕಪ್ಪು ಪೇಂಟ್ ಹೊಡೆದು ಮಿರಮಿರ ಮಿಂಚುತ್ತಿದ್ದರೆ ಖುಷಿಪಡಬೇಡಿ. ತುಕ್ಕಿನ ಮೇಲೆ ಹೊಡೆದ ಪೇಂಟ್ ಸ್ಕ್ರೂಡ್ರೈವರ್ ತುದಿಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಟೈರಿನ ವಿಷಯದಲ್ಲಿ ಜನ ಗೀಟು ನೋಡುತ್ತಾರೆ, ವಯಸ್ಸು ನೋಡುವುದಿಲ್ಲ. ಕ್ಯಾರವಾನ್ ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ, ಗೀಟು ಸವೆಯದೆ ರಬ್ಬರ್ ಸಾಯುತ್ತದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಅಂಥದ್ದರಲ್ಲಿ ಪಕ್ಕದ ಗೋಡೆ ಸಣ್ಣಗೆ ಬಿರುಕು ಬಿಟ್ಟಿದ್ದರೆ ಎಲ್ಲ ಟೈರೂ ಬದಲಾಯಿಸುವ ಲೆಕ್ಕ ಹಾಕಿಕೊಳ್ಳಿ.

ಬ್ಯಾಟರಿಯಲ್ಲಿ ನನಗೆ ಎರಡು ಸಲ ಟೋಪಿ ಬಿದ್ದಿದೆ. ಮಾರುವವರು ರಾತ್ರಿಯಿಡೀ ಚಾರ್ಜ್ ಹಾಕಿಟ್ಟಿರುತ್ತಾರೆ, ಮೀಟರ್ ಇಟ್ಟರೆ 12.7 ವೋಲ್ಟ್ ತೋರಿಸುತ್ತದೆ, ನೋಡಿ ಮೇಡಂ ಫುಲ್ ಇದೆ ಎನ್ನುತ್ತಾರೆ. ಲೆಡ್ ಬ್ಯಾಟರಿ ಸಾಯುವ ಹಿಂದಿನ ದಿನವೂ ಹಾಗೆ ತೋರಿಸಬಲ್ಲದು. ಫ್ಯಾನು, ಲೈಟು, ಫ್ರಿಜ್ ಎಲ್ಲ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಅಷ್ಟರಲ್ಲೇ 11.5ಕ್ಕೆ ಇಳಿದರೆ ಅದರ ಕಥೆ ಮುಗಿಯಿತು. ಬ್ಯಾಟರಿ ಬದಲಾಯಿಸುವುದು ಸುಲಭ, ಕಷ್ಟ ಇರುವುದು ವೈರಿನಲ್ಲಿ. 12 ವೋಲ್ಟಿನಲ್ಲಿ 1000 ವ್ಯಾಟ್ ಇನ್ವರ್ಟರ್ ಓಡಿದರೆ 80 ಆಂಪಿಯರ್ ಮೇಲೆ ಎಳೆಯುತ್ತದೆ. ಮನೆ ವೈರಿಂಗಿನ ವೈರನ್ನೇ ತಂದು ಎಳೆದಿರುವ ಗಾಡಿಗಳನ್ನು ನೋಡಿದ್ದೇನೆ, ಬ್ಯಾಟರಿ ಹತ್ತಿರ ಫ್ಯೂಸ್ ಕೂಡ ಇಲ್ಲ. ಅದು ಬಿಸಿಯಾಗುವುದು ಗೋಡೆಯೊಳಗೆ. ಇನ್ನು ಮನೆ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನು ಮಂಚದ ಕೆಳಗೇ ಇಟ್ಟಿರುತ್ತಾರೆ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಬೆಂಕಿ ಹಿಡಿಯುವ ಗ್ಯಾಸ್. ಅದರ ಮೇಲೆ ಜನ ಮಲಗುತ್ತಾರೆ! ಇದನ್ನು ಕಂಡರೆ ಬ್ಯಾಟರಿ ಹೊರಗೆ ಸಾಗಿಸುವ ಖರ್ಚನ್ನು ಕೇಳದೆಯೇ ಸೇರಿಸುತ್ತೇನೆ.

ಅಡುಗೆ ಗ್ಯಾಸಿನ ಪೈಪಿಗೆ ಸೋಪು ನೀರು ಹಚ್ಚಿ ಗುಳ್ಳೆ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಗೆ ಹೋಗಲು ತೂತು ಇರಲೇಬೇಕು.

ತೂಕ ಯಾರೂ ಕೇಳುವುದಿಲ್ಲ. 200 ಲೀಟರ್ ಟ್ಯಾಂಕ್ ತುಂಬಿಸಿದರೆ 200 ಕೆಜಿ, ಟ್ಯೂಬುಲರ್ ಬ್ಯಾಟರಿ ಒಂದಕ್ಕೆ 50 ಕೆಜಿ ಮೇಲೆ, ಪ್ಲೈ, ಗ್ರಾನೈಟ್ ಕಟ್ಟೆ (ಹೌದು, ಗ್ರಾನೈಟ್ ಹಾಕಿಸಿದವರೂ ಇದ್ದಾರೆ). ಹತ್ತಿರದ ವೇ ಬ್ರಿಡ್ಜ್‌ಗೆ ಹತ್ತಿಸಿ, ಚೀಟಿಯನ್ನು ಆರ್‌ಸಿಯಲ್ಲಿರುವ ಒಟ್ಟು ತೂಕದ ಪಕ್ಕ ಇಟ್ಟು ನೋಡಿ. ಮನೆಯವರು, ಸಾಮಾನು ಇನ್ನೂ ಹತ್ತಿರುವುದಿಲ್ಲ, ಆಗಲೇ ಅಂಚಿಗೆ ಬಂದಿದ್ದರೆ ಬ್ರೇಕು, ಸ್ಪ್ರಿಂಗು ಎಲ್ಲ ಆ ಲೆಕ್ಕದಲ್ಲೇ ಸವೆದಿರುತ್ತದೆ.

ಇನ್ನು ಆರ್‌ಸಿ. ಇದು ನನ್ನ ಕೆಲಸ ಅಲ್ಲ, ಆದರೂ ಮೊದಲು ಅದನ್ನೇ ಕೇಳುತ್ತೇನೆ, ಯಾಕೆಂದರೆ ಇದೊಂದು ತಪ್ಪಿದ್ದರೆ ನಮ್ಮ ಶೆಡ್‌ನಲ್ಲಿ ರಿಪೇರಿ ಆಗಲ್ಲ. ಆರ್‌ಸಿಯಲ್ಲಿ 12 ಸೀಟು ಎಂದಿದೆ, ಒಳಗೆ ಮಂಚ ಇದೆ ಎಂದರೆ ಗಾಡಿ ಮತ್ತು ಕಾಗದ ಎರಡು ಬೇರೆ ಬೇರೆ ಎಂದೇ ಅರ್ಥ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗಳ ಬಗ್ಗೆಯೇ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದರ ಮೇಲೆ ಬಿಗಿಯಾಗಿ ಹೇಳಿತು. ನಾಳೆ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸಿನವರು ಮೊದಲು ಹಿಡಿಯುವುದು ಅಲ್ಲೇ. ಬಾಡಿಗೆ ಗಾಡಿಯಾಗಿದ್ದರೆ ಹಳದಿ ಬೋರ್ಡು, ಟ್ಯಾಕ್ಸ್ ಬಾಕಿ, ಬ್ಯಾಂಕ್ ಸಾಲ ತೀರಿದ ಫಾರಂ 35, ಇವೆಲ್ಲ ನೋಡದೆ ಅಡ್ವಾನ್ಸ್ ಕೊಡಬೇಡಿ.

ಎಲ್ಲ ಕೆಟ್ಟದ್ದೇ ಹೇಳಿದೆ. ಹೋದ ವರ್ಷ ಕೆಂಗೇರಿ ಹತ್ತಿರ ಒಂದು ಗಾಡಿ ನೋಡಿದೆವು. ಸೀಟೆಲ್ಲ ಇಲಿ ಕಡಿದಿತ್ತು, ಎಡಗಡೆ ಉದ್ದಕ್ಕೂ ಗೀಚಿತ್ತು, ನಲ್ಲಿ ಮುರಿದಿತ್ತು, ಬಾಗಿಲು ತೆಗೆದರೆ ಕೈಗೇ ಬರುತ್ತಿತ್ತು. ನಮಗಿಂತ ಮುಂಚೆ ನೋಡಿದ ಮೂವರು ಓಡಿಹೋಗಿದ್ದರಂತೆ. ಆದರೆ ಹಾಸಿಗೆ ಎತ್ತಿದರೆ ಕೆಳಗೆ ಪ್ಲೈ ಕಲ್ಲಿನ ಹಾಗಿತ್ತು, ಮೀಟರ್ 11 ತೋರಿಸಿತು. ರೂಫ್ ಮೇಲೆ ಒಂದೇ ಒಂದು ತೂತು ಇರಲಿಲ್ಲ. ಕೊಳ್ಳಿ ಎಂದೆ. ಟಿಂಕರಿಂಗ್, ಹೊಸ ಬಟ್ಟೆ, ನಲ್ಲಿ, ಹಿಂಜು ಎಲ್ಲ ಸೇರಿ 38 ಸಾವಿರದಲ್ಲಿ ಮುಗಿಯಿತು, ಒಂದು ಗೋಡೆಯನ್ನೂ ಬಿಚ್ಚಲಿಲ್ಲ.

ಹೋದ ವಾರ ಇನ್ನೊಂದು. ಗಾಡಿ ಫಳಫಳ ಹೊಳೆಯುತ್ತಿತ್ತು, ಒಳಗೆ ನೀಲಿ ಲೈಟು ಬೇರೆ. ಹಾಸಿಗೆ ತೆಗೆಯಲು ಹೇಳಿದೆ. ತೆಗೆದರು. ಕೆಳಗಿನ ಹಲಗೆ ಎತ್ತಿ ಎಂದೆ. "ಅದಕ್ಕೆ ಸ್ಕ್ರೂ ಹಾಕ್ಬಿಟ್ಟಿದೀವಿ ಮೇಡಂ, ಎತ್ತಕ್ಕಾಗಲ್ಲ" ಎಂದ ಬ್ರೋಕರ್. ಪರವಾಗಿಲ್ಲ ಎಂದು ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದೆ. ಅವನು ಒಂದ್ನಿಮಿಷ ಎಂದು ಫೋನ್ ಹಿಡಿದುಕೊಂಡು ಹೊರಗೆ ಹೋದ. ವಾಪಸ್ ಬರುವಷ್ಟರಲ್ಲಿ ಗಾಡಿ ರೇಟು 60 ಸಾವಿರ ಇಳಿದಿತ್ತು. ನಾನು ಇನ್ನೂ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ.